ಇಲಿಗೆ ಕೊಡೋಣವೇ, ಶಾರ್ಕಿಗೆ ಕೊಡೋಣವೇ?

ನನ್ನ ಮೊಮ್ಮಗಳಿಗೆ ಏಳು ವರ್ಷ. ಅವಳ ಬಾಯಲ್ಲಿ ಸದ್ಯಕ್ಕೆ ಮುಂದಿನ ಎರಡು ಹಲ್ಲಿಲ್ಲ. ನನಗೆ ಎಪ್ಪತ್ತೊಂದು. ನನ್ನ ಬಾಯಲ್ಲಿ ಒಂಬತ್ತು ಹಲ್ಲಿಲ್ಲ. ಅವಳವು ಬರುವ ದಾರಿಯಲ್ಲಿವೆ, ನನ್ನವು ಹೋಗುವ ದಾರಿಯಲ್ಲಿ. ನಮ್ಮಿಬ್ಬರಿಗೂ ಕೋಡುಬಳೆ ಕಡಿಯಲು ಆಗುವುದಿಲ್ಲ. ಇಬ್ಬರೂ ಅದನ್ನು ಹಾಲಿನಲ್ಲಿ ನೆನೆಸಿಕೊಂಡೇ ತಿನ್ನುತ್ತೇವೆ. ಹೀಗಾಗಿ ನಮ್ಮ ಮನೆಯಲ್ಲಿ ಹಲ್ಲಿನ ವಿಷಯ ಬಂದರೆ ನಾವಿಬ್ಬರೂ ಒಂದೇ ಪಕ್ಷ.

ನಮ್ಮೂರು ತರೀಕೆರೆ ಸೀಮೆಯಲ್ಲಿ, ಕೆಮ್ಮಣ್ಣುಗುಂಡಿ ಬೆಟ್ಟದ ಕೆಳಗೆ. ದಸರಾ ರಜೆಗೆ ಮಗ, ಸೊಸೆ, ಮೊಮ್ಮಗಳು ಬಂದಿದ್ದಾಗ ಎಲ್ಲರೂ ಹೆಬ್ಬೆ ಜಲಪಾತಕ್ಕೆ ಹೋಗಿದ್ದೆವು. ಒಂದಷ್ಟು ದೂರ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ, ಆಮೇಲೆ ಕಾಡಿನ ದಾರಿಯಲ್ಲಿ ನಡೆಯಬೇಕು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ನೀರು ಬೀಳುತ್ತದೆ. ಎರಡೂ ಸೇರಿ 168 ಮೀಟರ್ ಎತ್ತರ. ಬಂಡೆಯ ಮೇಲೆ ಕೂತು ಚಕ್ಕುಲಿ ತಿನ್ನುವಾಗ ಮೊಮ್ಮಗಳ ಎರಡನೆಯ ಹಲ್ಲು ಕಳಚಿ ಕೈಗೆ ಬಂತು. ಅವಳು ಅಳಲಿಲ್ಲ. ಹಲ್ಲನ್ನು ನೀರಿನಲ್ಲಿ ತೊಳೆದು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡಳು.

ಬಿದ್ದ ಹಾಲುಹಲ್ಲನ್ನು ಸಗಣಿಯ ಪುಟ್ಟ ಉಂಡೆಯೊಳಗಿಟ್ಟು ಹೆಂಚಿನ ಮಾಡಿನ ಮೇಲೆ ಎಸೆಯುವುದು ನಮ್ಮ ಕಡೆಯ ವಾಡಿಕೆ. ನಾನೂ ಎಸೆದಿದ್ದೆ, ನನ್ನ ಮಗನೂ ಎಸೆದಿದ್ದ. ಮಾಡಿನ ಮೇಲೆ ಓಡಾಡುವ ಇಲಿ ಅದನ್ನು ತೆಗೆದುಕೊಂಡು ತನ್ನ ಹಲ್ಲಿನಂಥ ಗಟ್ಟಿ ಹಲ್ಲು ಕೊಡುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಅದನ್ನೇ ಮೊಮ್ಮಗಳಿಗೆ ಹೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು. “ಅಜ್ಜಾ, ಇಲಿಗೇ ಯಾಕೆ ಕೊಡಬೇಕು? ಶಾರ್ಕಿಗೆ ಕೊಟ್ಟರೆ ಆಗಲ್ವಾ? ಅದಕ್ಕೆ ಸಾವಿರಾರು ಹಲ್ಲಿರುತ್ತಂತೆ. ಈ ನೀರಲ್ಲಿ ಬಿಟ್ಟರೆ ಶಾರ್ಕಿಗೆ ಹೋಗುತ್ತಾ?”

ನೀರಿನ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಹೆಬ್ಬೆಯ ನೀರು ಭದ್ರೆಗೆ ಸೇರುತ್ತದೆ. ಲಕ್ಕವಳ್ಳಿಯ ಅಣೆಕಟ್ಟು ದಾಟಿ, ಕೂಡ್ಲಿಯಲ್ಲಿ ತುಂಗೆಯ ಜೊತೆಗೂಡಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಯಲ್ಲಿ ಒಂದಾಗಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮದ ಕಡಲು ಇಲ್ಲೇ ಹತ್ತಿರವಿದ್ದರೂ ನಮ್ಮ ನೀರು ಪೂರ್ವಕ್ಕೇ ನಡೆಯುತ್ತದೆ. ಆದರೆ ಮೊದಲ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಇಲಿಯ ಹಲ್ಲು ಒಳ್ಳೆಯದೋ, ಶಾರ್ಕಿನ ಹಲ್ಲು ಒಳ್ಳೆಯದೋ? ರಜೆ ಮುಗಿಯುವವರೆಗೂ ನಮ್ಮಿಬ್ಬರಿಗೆ ಇದೇ ಕೆಲಸವಾಯಿತು.

ಮೊದಲಿಗೆ ಗೊತ್ತಾದದ್ದು, ಹಲ್ಲನ್ನು ಇಲಿಗೆ ಕೊಡುವುದು ನಮ್ಮಮ್ಮನ ಕಲ್ಪನೆ ಮಾತ್ರವಲ್ಲ ಎಂಬುದು. ಜಪಾನಿನಲ್ಲಿ ಕೆಳದವಡೆಯ ಹಲ್ಲನ್ನು ಮಾಡಿನ ಮೇಲಕ್ಕೂ ಮೇಲ್ದವಡೆಯದನ್ನು ಮನೆಯ ನೆಲದಡಿಗೂ ಎಸೆಯುತ್ತಾರೆ. ಇಲಿಯ ಹಲ್ಲಿನಂಥ ಹಲ್ಲು ಬರಲಿ ಎಂಬ ಹಾರೈಕೆ ಅಲ್ಲೂ ಇದೆ. ಫ್ರಾನ್ಸಿನ ಮಕ್ಕಳ ದಿಂಬಿನ ಕೆಳಗಿನ ಹಲ್ಲನ್ನು ಒಯ್ಯುವುದು ಒಂದು ಪುಟ್ಟ ಇಲಿ. ಸ್ಪೇನಿನಲ್ಲಿ ಆ ಇಲಿಗೆ ಪೆರೆಸ್ ಎಂಬ ಹೆಸರೇ ಇದೆ. ಅಲ್ಲಿನ ಬಾಲರಾಜ ಹದಿಮೂರನೆಯ ಅಲ್ಫಾನ್ಸೋನ ಹಲ್ಲು ಬಿದ್ದಾಗ, ಲೂಯಿಸ್ ಕೊಲೋಮಾ ಎಂಬ ಲೇಖಕ ಅವನಿಗಾಗಿ 1894ರ ಸುಮಾರಿಗೆ ಆ ಇಲಿಯ ಕಥೆ ಬರೆದುಕೊಟ್ಟರು. ಇಷ್ಟು ದೂರ ದೂರದ ಅಜ್ಜಿಯರೆಲ್ಲ ಇಲಿಯನ್ನೇ ಆರಿಸಿಕೊಂಡದ್ದು ಸುಮ್ಮನೆ ಇರಲಾರದು. ಇಲಿಯ ಬಾಯಲ್ಲಿ ಏನೋ ವಿಶೇಷ ಇರಬೇಕು.

ಇದೆ. ಇಲಿಗೆ ಒಟ್ಟು ಹದಿನಾರೇ ಹಲ್ಲು. ಮುಂದೆ ಮೇಲೆರಡು, ಕೆಳಗೆರಡು ಬಾಚಿಹಲ್ಲು. ಹಿಂದೆ ಹನ್ನೆರಡು ದವಡೆ ಹಲ್ಲು. ಕೋರೆಹಲ್ಲು ಇಲ್ಲವೇ ಇಲ್ಲ. ಆ ಜಾಗ ಖಾಲಿ. ಮುಂದಿನ ಆ ನಾಲ್ಕು ಹಲ್ಲು ಇಲಿ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ, ನಮ್ಮ ಉಗುರು ಬೆಳೆಯುವ ಹಾಗೆ. ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತವೆ. ಮೊಮ್ಮಗಳು ಲೆಕ್ಕ ಹಾಕಿದಳು: ಸವೆಯದೆ ಉಳಿದರೆ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು. ಇಲಿಗಿಂತ ಇಲಿಯ ಹಲ್ಲೇ ಉದ್ದ!

ಆದರೆ ಹಾಗಾಗುವುದಿಲ್ಲ, ಯಾಕೆಂದರೆ ಇಲಿ ಕಡಿಯುತ್ತಲೇ ಇರುತ್ತದೆ. ಅಟ್ಟದ ಮೇಲಿನ ಅಡಿಕೆ ಮೂಟೆ, ಕೊಬ್ಬರಿ, ಮರದ ಬಾಗಿಲು, ಕರೆಂಟಿನ ವೈರು, ಯಾವುದನ್ನೂ ಬಿಡುವುದಿಲ್ಲ. ಕಡಿಯುವಾಗ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಉಜ್ಜಿ ಎರಡೂ ಸವೆಯುತ್ತವೆ. ಬರೀ ಸವೆಯುವುದಲ್ಲ, ಹರಿತವಾಗುತ್ತವೆ. ಇಲಿಯ ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಎನಾಮಲ್ ಎಂಬ ಗಟ್ಟಿ ಹೊದಿಕೆ ಇರುತ್ತದೆ. ಹಿಂಭಾಗ ಅದಕ್ಕಿಂತ ಮೆತ್ತಗೆ. ಮೆತ್ತಗಿನ ಭಾಗ ಬೇಗ ಸವೆದು ಗಟ್ಟಿ ಭಾಗ ಅಂಚಿನಂತೆ ಉಳಿಯುತ್ತದೆ. ಬಡಗಿಯ ಉಳಿಯ ಬಾಯಿ ಇರುವುದು ಹೀಗೆಯೇ. ಬಡಗಿ ತನ್ನ ಉಳಿಯನ್ನು ಸಾಣೆ ಹಿಡಿಯಬೇಕು, ಇಲಿಯ ಉಳಿ ಕೆಲಸ ಮಾಡುತ್ತಲೇ ಸಾಣೆಯಾಗುತ್ತದೆ. ಹಲ್ಲಿನ ಮುಂಭಾಗ ಕಿತ್ತಳೆ ಹಳದಿಯಾಗಿ ಕಂಡರೆ ಅದು ಕೊಳೆಯಲ್ಲ, ಎನಾಮಲ್‌ನಲ್ಲಿ ಸೇರಿರುವ ಕಬ್ಬಿಣದ ಬಣ್ಣ.

ಹೀಗೆ ಕಡಿದು ಬದುಕುವ ಪ್ರಾಣಿಗಳನ್ನು ಶಾಲೆಯ ಪುಸ್ತಕದಲ್ಲಿ ದಂಶಕಗಳು ಎನ್ನುತ್ತಾರೆ. ಜಗತ್ತಿನ ಸಸ್ತನಿ ಜಾತಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಇವೇ. ನಮ್ಮ ತೋಟದ ಅಳಿಲು, ಭದ್ರಾ ಕಾಡಿನ ಮರದ ತುದಿಯಲ್ಲಿ ನೆಗೆಯುವ ಕೆಂಜಳಿಲು, ಹೆಗ್ಗಣ ಎಲ್ಲವೂ ದಂಶಕಗಳೇ. ಹೆಸರಿನಲ್ಲಿ ಹಂದಿ ಇದ್ದರೂ ಮುಳ್ಳುಹಂದಿ ಕೂಡ ದಂಶಕ. ಹೆಸರಿನಲ್ಲಿ ಇಲಿ ಇದ್ದರೂ ಸೊಂಡಿಲಿ ದಂಶಕವಲ್ಲ. ಅದು ಹುಳಹುಪ್ಪಟೆ ಹಿಡಿದು ತಿನ್ನುವ ಬೇರೆ ಗುಂಪಿನದು. ಇನ್ನೊಂದು ತಮಾಷೆ ಕೇಳಿ. ಆನೆಯ ದಂತವೂ ಬಾಚಿಹಲ್ಲೇ, ಅದೂ ಜೀವವಿರುವವರೆಗೆ ಬೆಳೆಯುತ್ತದೆ. ಅಂದರೆ ನಮ್ಮ ಏಕದಂತನಿಗೂ ಅವನ ವಾಹನಕ್ಕೂ ಹಲ್ಲಿನಲ್ಲಿ ನಂಟಿದೆ.

ಬೆಳೆಯುವ ಹಲ್ಲು ವರವೆಂದು ಕಾಣುತ್ತದೆ, ಅದರಲ್ಲಿ ಕಷ್ಟವೂ ಇದೆ. ಇಲಿಯ ಒಂದು ಬಾಚಿಹಲ್ಲು ಮುರಿದರೆ ಅಥವಾ ಸೊಟ್ಟಗಾದರೆ ಎದುರಿನ ಹಲ್ಲಿಗೆ ಉಜ್ಜಲು ಜೊತೆ ಇರುವುದಿಲ್ಲ. ಅದು ಬೆಳೆದು, ಸುರುಳಿಯಾಗಿ, ಬಾಯಿ ಮುಚ್ಚಲು ಬಿಡುವುದಿಲ್ಲ. ಕಾಳಿನ ರಾಶಿಯ ಮುಂದೆಯೇ ಇಲಿ ಹಸಿವಿನಿಂದ ಸಾಯಬಹುದು. ಇಲಿ ನಮ್ಮ ಮೇಲಿನ ಹಟಕ್ಕೆ ಬಟ್ಟೆ ಕಡಿಯುವುದಿಲ್ಲ; ಕಡಿಯದಿದ್ದರೆ ಅದಕ್ಕೆ ಉಳಿವಿಲ್ಲ. ಇದನ್ನು ಕೇಳಿದ ಮೇಲೂ ನನ್ನ ಸೊಸೆ ಇಲಿ ಬೋನು ಇಡುವುದನ್ನು ನಿಲ್ಲಿಸಿಲ್ಲ, ಅದು ಬೇರೆ ಮಾತು.

ಮೊಮ್ಮಗಳಿಗೆ ಹೆಚ್ಚು ಆಶ್ಚರ್ಯವಾದದ್ದು ಇನ್ನೊಂದು ವಿಷಯ. ಇಲಿಗೆ ಹಾಲುಹಲ್ಲೇ ಇಲ್ಲ! ಹುಟ್ಟಿದ ಮೇಲೆ ಒಮ್ಮೆ ಬಂದದ್ದೇ ಕೊನೆಯವರೆಗೆ. “ಪಾಪ, ಅದಕ್ಕೇ ನಮ್ಮ ಹಾಲುಹಲ್ಲು ಬೇಕೇನೋ” ಎಂದಳು.

ಇನ್ನು ಶಾರ್ಕಿನ ಸರದಿ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಶಾರ್ಕ್ ಎಂದರೆ ಟಿವಿಯಲ್ಲಿ ಕಾಣುವ ರಾಕ್ಷಸ. ಆದರೆ ನಾನು ಶಾರ್ಕನ್ನು ಕಣ್ಣಾರೆ ಕಂಡದ್ದು ಮಲ್ಪೆ ಬಂದರಿನಲ್ಲಿ, ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಬೂದು ಬಣ್ಣ, ಚಪ್ಪಟೆ ಮೂತಿ. ತುಳುವಿನಲ್ಲಿ ಅದಕ್ಕೆ ತಾಟೆ ಎನ್ನುತ್ತಾರೆ, ಕೊಂಕಣಿಯಲ್ಲಿ ಮೋರಿ. ನಮ್ಮೂರಲ್ಲಿ ಮೋರಿ ಎಂದರೆ ಚರಂಡಿ, ಆದ್ದರಿಂದ ಮೊಮ್ಮಗಳು ಈ ಹೆಸರು ಕೇಳಿ ನಕ್ಕಿದ್ದೇ ನಕ್ಕಿದ್ದು. ನಮ್ಮ ಕರಾವಳಿಯ ಬಲೆಗೆ ಸಿಗುವ ಪುಟ್ಟ ಶಾರ್ಕ್‌ಗಳಲ್ಲಿ ಒಂದಕ್ಕೆ ಇಂಗ್ಲಿಷಿನಲ್ಲಿ ಸ್ಪೇಡ್‌ನೋಸ್ ಎಂದು ಹೆಸರು, ಅಂದರೆ ಸಲಿಕೆ ಮೂತಿ. ಅದು ಬೆಳೆದರೂ ಮುಕ್ಕಾಲು ಮೀಟರ್ ಮುಟ್ಟುವುದು ಅಪರೂಪ. ಸಣ್ಣ ಮೀನು, ಸೀಗಡಿ ತಿಂದುಕೊಂಡಿರುತ್ತದೆ. ಮನುಷ್ಯರ ತಂಟೆಗೆ ಬರುವಂಥದ್ದಲ್ಲ.

ಈ ಸಲಿಕೆ ಮೂತಿಯ ಶಾರ್ಕಿಗೂ ಇಲಿಗೂ ನಾವು ಎಣಿಸಿರದ ಒಂದು ಹೋಲಿಕೆಯಿದೆ. ಮೀನುಗಳೆಂದರೆ ಮೊಟ್ಟೆ ಇಡುತ್ತವೆ ಎಂದು ಕಲಿತಿದ್ದೇವೆ. ಇದು ಮರಿ ಹಾಕುತ್ತದೆ. ಮರಿ ತಾಯಿಯ ಹೊಟ್ಟೆಯಲ್ಲಿ ಹೊಕ್ಕುಳಬಳ್ಳಿಯ ಮೂಲಕ ಆಹಾರ ಪಡೆದು ಬೆಳೆಯುತ್ತದೆ, ಇಲಿಯ ಮರಿಯ ಹಾಗೆ, ನಮ್ಮ ಹಾಗೆ. ಇಲಿಯ ಬಸಿರು ಸುಮಾರು ಮೂರು ವಾರ, ಈ ಶಾರ್ಕಿನದು ಐದಾರು ತಿಂಗಳು.

ಈಗ ಹಲ್ಲಿಗೆ ಬರೋಣ. ಶಾರ್ಕಿನ ಮೈಯಲ್ಲಿ ಮೂಳೆಯೇ ಇಲ್ಲ. ಅದರ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿಯದು. ಮಕ್ಕಳೇ, ನಿಮ್ಮ ಕಿವಿಯನ್ನು ಮಡಿಸಿ ನೋಡಿ, ಒಳಗೆ ಬಾಗುವ ಗಟ್ಟಿ ಪದಾರ್ಥ ಸಿಗುತ್ತದಲ್ಲ, ಅದೇ ಜಾತಿಯದು. ಹಾಗಾಗಿ ಅದರ ಹಲ್ಲು ನಮ್ಮ ಹಲ್ಲಿನಂತೆ ಮೂಳೆಯೊಳಗೆ ಬೇರು ಬಿಟ್ಟು ಕೂರುವುದಿಲ್ಲ, ವಸಡಿಗೆ ಅಂಟಿಕೊಂಡಿರುತ್ತದೆ. ಬೇಟೆಯನ್ನು ಕಚ್ಚಿದಾಗ ಸುಲಭವಾಗಿ ಕಳಚುತ್ತದೆ. ಕಳಚಿದರೆ ಚಿಂತೆಯಿಲ್ಲ. ಮುಂದಿನ ಸಾಲಿನ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು, ಮಲಗಿಕೊಂಡು ಕಾಯುತ್ತಿರುತ್ತವೆ. ಮುಂದಿನದು ಬಿದ್ದ ಹಾಗೆ ಹಿಂದಿನದು ಸರಿದು ಎದ್ದು ನಿಲ್ಲುತ್ತದೆ, ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನ ಮುಂದೆ ಸಾಲು ಸರಿಯುವಂತೆ. ಲೆಮನ್ ಶಾರ್ಕಿನ ಮರಿಗಳಲ್ಲಿ ಎಂಟು ಹತ್ತು ದಿನಕ್ಕೇ ಹಲ್ಲು ಬದಲಾಗುವುದನ್ನು ವಿಜ್ಞಾನಿಗಳು ನೋಡಿದ್ದಾರೆ. ಹೀಗೆ ಒಂದು ಶಾರ್ಕಿನ ಜೀವಮಾನದಲ್ಲಿ ಹುಟ್ಟಿ ಬೀಳುವ ಹಲ್ಲುಗಳು ಸಾವಿರಾರು.

ಬಿದ್ದ ಹಲ್ಲನ್ನು ನುಂಗುವ ಶಾರ್ಕೂ ಇದೆ. ಕುಕೀಕಟರ್ ಎಂಬ ಪುಟ್ಟ ಶಾರ್ಕ್ ಕೆಳಗಿನ ಸಾಲನ್ನು ಒಟ್ಟಿಗೇ ಕಳಚಿ ನುಂಗುತ್ತದೆ; ಅದರಲ್ಲಿರುವ ಸುಣ್ಣದ ಅಂಶ ಹಾಳಾಗದಿರಲಿ ಎಂದಿರಬೇಕು. ಊಟದ ಜೊತೆ ಹಾಲುಹಲ್ಲು ನುಂಗಿ ಹೆದರಿಕೊಂಡ ಮಕ್ಕಳಿಗೆ ಇದನ್ನು ಹೇಳಿ ಸಮಾಧಾನ ಮಾಡಬಹುದು. ಮೀನುಗಳಲ್ಲೇ ಅತಿ ದೊಡ್ಡದಾದ ತಿಮಿಂಗಿಲ ಶಾರ್ಕಿನ ಬಾಯಲ್ಲಿ ಸುಮಾರು ಮೂರು ಸಾವಿರ ಹಲ್ಲಿದ್ದರೂ ಒಂದೊಂದೂ ಅಕ್ಕಿಕಾಳಿನಷ್ಟು. ಅದು ನೀರನ್ನು ಸೋಸಿ ಪುಟಾಣಿ ಜೀವಿಗಳನ್ನು ನುಂಗುವುದರಿಂದ ಹಲ್ಲಿಗೆ ಕೆಲಸವೇ ಇಲ್ಲ.

ಶಾರ್ಕಿನ ಹಲ್ಲಿಗೆ ಹುಳುಕೂ ಹಿಡಿಯುವುದಿಲ್ಲವೆನ್ನಬಹುದು. ಅದರ ಹೊರಪದರದಲ್ಲಿ ಫ್ಲೋರೈಡ್ ಸೇರಿಕೊಂಡಿದೆ. ನಮ್ಮ ಟೂತ್‌ಪೇಸ್ಟಿಗೆ ಬೆರೆಸುವುದೂ ಅದನ್ನೇ. ಜೊತೆಗೆ ಹುಳುಕು ಹಿಡಿಯುವಷ್ಟು ದಿನ ಹಲ್ಲು ಬಾಯಲ್ಲಿ ಇರುವುದೂ ಇಲ್ಲ. ಶಾರ್ಕ್‌ಗಳು ನಲವತ್ತು ಕೋಟಿ ವರ್ಷಗಳಿಂದ ಹೀಗೆ ಹಲ್ಲು ಉದುರಿಸುತ್ತಾ ಬಂದಿವೆ; ಡೈನೋಸಾರ್‌ಗಳು ಬರುವುದಕ್ಕೂ ಎಷ್ಟೋ ಮುಂಚಿನಿಂದ. ಮೃದ್ವಸ್ಥಿ ಕರಗಿಹೋಗುತ್ತದೆ, ಹಲ್ಲು ಕಲ್ಲಾಗಿ ಉಳಿಯುತ್ತದೆ. ಗುಜರಾತಿನ ಕಚ್ಛ್, ತಮಿಳುನಾಡಿನ ಅರಿಯಲೂರು ಕಡೆ ಇವತ್ತಿನ ಒಣ ನೆಲದಲ್ಲಿ ಶಾರ್ಕಿನ ಹಲ್ಲು ಸಿಕ್ಕಿವೆ. ಅಲ್ಲಿ ಒಂದು ಕಾಲಕ್ಕೆ ಕಡಲಿತ್ತು ಎಂಬುದಕ್ಕೆ ಅವೂ ಸಾಕ್ಷಿ.

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಮುಖ ಸಪ್ಪಗೆ ಮಾಡಿಕೊಂಡಳು. “ಇಲಿಗೆ ಬೆಳೀತಾನೇ ಇರುತ್ತೆ. ಶಾರ್ಕಿಗೆ ಹೊಸದು ಬರ್ತಾನೇ ಇರುತ್ತೆ. ನಮಗೆ ಮಾತ್ರ ಯಾಕೆ ಎರಡೇ ಸಲ?”

ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ತಟ್ಟೆಯಲ್ಲೇ ಇದೆ. ಶಾರ್ಕ್ ಕಚ್ಚುತ್ತದೆ, ಹರಿಯುತ್ತದೆ, ನುಂಗುತ್ತದೆ. ಅಗಿಯುವುದಿಲ್ಲ. ನಾವು ಅಗಿಯುತ್ತೇವೆ. ಅಗಿಯಬೇಕಾದರೆ ಮೇಲಿನ ಹಲ್ಲಿನ ಉಬ್ಬು ಕೆಳಗಿನ ಹಲ್ಲಿನ ತಗ್ಗಿಗೆ ಸರಿಯಾಗಿ ಕೂರಬೇಕು. ಬೀಸುವ ಕಲ್ಲಿನ ಎರಡು ಬಿಲ್ಲೆ ಒಂದಕ್ಕೊಂದು ಹೊಂದಿದ್ದರೆ ತಾನೇ ಹಿಟ್ಟು ನುಣ್ಣಗಾಗುವುದು? ವಾರಕ್ಕೊಂದು ಬಿಲ್ಲೆ ಬದಲಾಯಿಸುತ್ತಿದ್ದರೆ ಬೀಸುವುದು ಹೇಗೆ? ಹಾಗಾಗಿ ಸಸ್ತನಿಗಳ ಹಲ್ಲು ದವಡೆಯಲ್ಲಿ ಭದ್ರವಾಗಿ ಕೂತು, ಹೊಂದಿಕೊಂಡು, ಬಹಳ ಕಾಲ ಇರುವಂತಾಯಿತು. ಇಲಿ ಕೂಡ ಬೆಳೆಯುವ ಹಲ್ಲನ್ನು ಕಡಿಯಲು ಮುಂದಿಟ್ಟುಕೊಂಡು, ಅಗಿಯಲು ಹಿಂದೆ ಬೆಳೆಯದ ಹಲ್ಲನ್ನೇ ಇಟ್ಟುಕೊಂಡಿದೆ. ಮಗುವಿನ ಪುಟ್ಟ ದವಡೆಗೆ ಇಪ್ಪತ್ತು ಹಾಲುಹಲ್ಲು, ದೊಡ್ಡವರ ದವಡೆಗೆ ಮೂವತ್ತೆರಡು. ಅಷ್ಟೇ ನಮ್ಮ ಪಾಲು. ರೊಟ್ಟಿ, ಕಬ್ಬು, ಹುರಿಗಡಲೆಯನ್ನು ಅಗಿದು ರುಚಿ ನೋಡುವ ಸುಖಕ್ಕೆ ನಾವು ಕೊಟ್ಟ ಬೆಲೆ ಅದು.

ಆ ಪಾಲು ಮುಗಿದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮಮ್ಮನಲ್ಲಿ ಕಂಡಿದ್ದೇನೆ. ಅಡಿಕೆ ಬೆಳೆಯುವ ಮನೆ; ಎಲೆಅಡಿಕೆ, ಅದರ ಜೊತೆ ಹೊಗೆಸೊಪ್ಪು ಅಮ್ಮನ ಬಾಯಲ್ಲಿ ಸದಾ ಇರುತ್ತಿತ್ತು. ಐವತ್ತು ದಾಟುವ ಹೊತ್ತಿಗೆ ಹಲ್ಲು ಒಂದೊಂದೇ ಅಲ್ಲಾಡಿ ಹೋದವು. ಆಮೇಲೆ ಅಮ್ಮ ಜಗಲಿಯಲ್ಲಿ ಕೂತು ಕಬ್ಬಿಣದ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುತ್ತಿದ್ದರು. ಅಟ್ಟದ ಮೇಲೆ ಇಲಿ ಅದೇ ಅಡಿಕೆಯನ್ನು ಕಟಕಟ ಕಡಿಯುವ ಸದ್ದು, ಕೆಳಗೆ ಕುಟ್ಟಾಣಿಯ ಸದ್ದು. ಹಬ್ಬದ ಚಕ್ಕುಲಿಯನ್ನು ನಮಗೆಲ್ಲ ಹಂಚಿ ಅಮ್ಮ ಮೊಸರನ್ನದ ತಟ್ಟೆ ಹಿಡಿಯುತ್ತಿದ್ದರು. ನಗುವಾಗ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು. ಅಮ್ಮ ಬಾಯಿ ತುಂಬಾ ನಕ್ಕದ್ದನ್ನು ನನ್ನ ತಮ್ಮ ನೋಡಿಯೇ ಇಲ್ಲ. ಅವನು ಬುದ್ಧಿ ಬಲಿತು ನೋಡುವ ಹೊತ್ತಿಗೆ ಹಲ್ಲು ಹೋಗಿದ್ದವು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಕೇಳಿದಾಗಲೆಲ್ಲ ನನಗೆ ಆ ಸೆರಗು ನೆನಪಾಗುತ್ತದೆ. ಅಡಿಕೆ, ಹೊಗೆಸೊಪ್ಪು ಎರಡೂ ಬಾಯಿಯ ಕ್ಯಾನ್ಸರಿಗೆ ದಾರಿ ಎಂದು ಈಗ ಎಲ್ಲ ವೈದ್ಯರೂ ಹೇಳುತ್ತಾರೆ. ಅಡಿಕೆ ನಮಗೆ ಅನ್ನ ಕೊಟ್ಟ ಬೆಳೆ. ಆದರೂ ಈ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು.

ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಗಮನಿಸಬೇಕಾದ ಒಂದು ಸಂಗತಿ ಇದೆ. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಒಂದೊಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಏನೂ ಬಿದ್ದಿಲ್ಲವಾದ್ದರಿಂದ ಅದನ್ನೂ ಹಾಲುಹಲ್ಲು ಎಂದುಕೊಂಡು, ಹುಳುಕಾದರೆ ಬಿದ್ದು ಹೊಸದು ಬರುತ್ತದೆ ಎಂದು ಬಿಟ್ಟುಬಿಡುವವರು ಬಹಳ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಅರವತ್ತು ವರ್ಷ ಚಕ್ಕುಲಿ ಕಡಿಯಬೇಕಾದ ಹಲ್ಲು ಅದು. ದಿನಕ್ಕೆ ಎರಡು ಸಲ ಉಜ್ಜುವುದು, ರಾತ್ರಿ ಉಜ್ಜಿದ ಮೇಲೆ ಸಿಹಿ ತಿನ್ನದಿರುವುದು, ನೋವು ಬರುವ ಮುಂಚೆಯೇ ಹಲ್ಲಿನ ಡಾಕ್ಟರಿಗೆ ತೋರಿಸುವುದು, ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಶಾರ್ಕಿನ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಡಬಾರದು. ಇಲಿಯ ಸಂಸಾರ ಬೇಗ ಬೆಳೆಯುತ್ತದೆ. ಮೂರು ವಾರಕ್ಕೆ ಬಸಿರು ಮುಗಿದು, ಒಂದು ಹೆರಿಗೆಗೆ ಐದಾರು ಮರಿ. ಆ ಮರಿಗಳೂ ಎರಡು ತಿಂಗಳೊಳಗೆ ತಾಯಿಯಾಗಬಲ್ಲವು. ಸಲಿಕೆ ಮೂತಿಯ ಪುಟ್ಟ ಶಾರ್ಕ್ ಒಂದೆರಡು ವರ್ಷಕ್ಕೇ ತಾಯಿಯಾಗಬಹುದು. ಆದರೆ ದೊಡ್ಡ ಶಾರ್ಕ್‌ಗಳು ತಾಯಿಯಾಗಲು ಎಷ್ಟೋ ವರ್ಷ ಬೇಕು. ಉತ್ತರದ ತಣ್ಣನೆಯ ಕಡಲಿನ ಗ್ರೀನ್‌ಲ್ಯಾಂಡ್ ಶಾರ್ಕಿಗೆ ಸುಮಾರು ನೂರೈವತ್ತು ವರ್ಷ ಬೇಕೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಹೀಗಿರುವಾಗ ನಾವು ಹಿಡಿಯುವ ವೇಗಕ್ಕೆ ಅವು ಹುಟ್ಟುವ ವೇಗ ಸಾಲದು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದ ಈಚೆಗೆ ನೂರಕ್ಕೆ ಎಪ್ಪತ್ತೊಂದರಷ್ಟು ಕುಸಿದಿದೆ ಎಂದು 2021ರ ಒಂದು ಅಧ್ಯಯನ ಹೇಳಿತು. ತಿಮಿಂಗಿಲ ಶಾರ್ಕನ್ನು ಹಿಡಿಯುವುದನ್ನು ನಮ್ಮ ದೇಶ 2001ರಲ್ಲೇ ನಿಷೇಧಿಸಿದೆ. ಶಾರ್ಕಿಗೆ ಕಳೆದ ಹಲ್ಲು ವಾರದಲ್ಲಿ ಬರಬಹುದು, ಕಳೆದ ಶಾರ್ಕ್ ಹಾಗೆ ಬರುವುದಿಲ್ಲ.

ಕೊನೆಗೆ ತೀರ್ಪು ಕೊಟ್ಟವಳು ಮೊಮ್ಮಗಳೇ. ಶಾರ್ಕಿಗೆ ಹಲ್ಲಿನ ಕೊರತೆಯಿಲ್ಲ, ಹಾಲುಹಲ್ಲೇ ಕಾಣದ ಇಲಿಗೆ ಅದು ಸೇರಲಿ ಎಂದಳು. ಮನೆಗೆ ಬಂದು ಸಗಣಿ ಉಂಡೆ ಮಾಡಿ, ದನದ ಕೊಟ್ಟಿಗೆಯ ಹೆಂಚಿನ ಮೇಲೆ ಎಸೆದಳು. ಆ ರಾತ್ರಿ ನಾನು ನೀರಿನ ಬಟ್ಟಲಿನಲ್ಲಿಟ್ಟ ಕಟ್ಟಿಸಿದ ಹಲ್ಲನ್ನು ನೋಡಿ, “ಅಜ್ಜಾ, ಇದನ್ನೂ ಎಸೆಯೋಣ್ವಾ?” ಎಂದು ಕೇಳಿದಳು. ಬಟ್ಟಲನ್ನು ಅವಳಿಗೆ ಎಟುಕದಷ್ಟು ಮೇಲಿನ ಗೂಡಿನಲ್ಲಿಟ್ಟೆ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯವರೆಲ್ಲರ ಹಲ್ಲು ಎಣಿಸಿ ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮದರಲ್ಲಿ ಹಾಲುಹಲ್ಲು ಎಷ್ಟು, ಗಟ್ಟಿ ಹಲ್ಲು ಎಷ್ಟು, ಆರನೇ ವರ್ಷದ ದವಡೆ ಹಲ್ಲು ಬಂದಿದೆಯೇ ನೋಡಿ. ಆಮೇಲೆ ಅಜ್ಜ ಅಜ್ಜಿಯ ಪಕ್ಕ ಕೂತು, ಅವರ ಮೊದಲ ಹಲ್ಲು ಬಿದ್ದಾಗ ಅದನ್ನು ಎಲ್ಲಿ ಎಸೆದರು, ಯಾರಿಗೆ ಕೊಟ್ಟರು ಎಂದು ಕೇಳಿ. ಒಂದೊಂದು ಊರಿಗೆ ಒಂದೊಂದು ಕಥೆ ಸಿಗುತ್ತದೆ. ಅಜ್ಜ ಅಜ್ಜಿಯರೇ, ಹೇಳುವಾಗ ಬಾಯಿಗೆ ಕೈ ಅಡ್ಡ ಇಡಬೇಡಿ. ಮಕ್ಕಳು ನಿಮ್ಮ ನಗುವನ್ನು ಪೂರ್ತಿ ನೋಡಲಿ.